ಛಾಪಾ ಕಾಗದದ ಬಿಡುಗಡೆ ಮತ್ತು ಜೀವನಾಂಶದ ಹಕ್ಕು: ಕನಕಪುರ ಸೀಮೆಯನ್ನು ಮುಂದಿಟ್ಟು ಒಂದು ವಿಚಾರ

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಂಥ ಊರುಗಳಲ್ಲಿ ಗಂಡಹೆಂಡಿರ ವ್ಯಾಜ್ಯ ಕೋರ್ಟಿಗಿಂತ ಮೊದಲು ಹಿರಿಯರ ಪಂಚಾಯ್ತಿಗೆ ಬರುವುದು ವಾಡಿಕೆ. ರಾಜಿಯಾಗದಿದ್ದರೆ ಛಾಪಾ ಕಾಗದ ಬರೆಸುತ್ತಾರೆ: ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಒಡವೆ ವಸ್ತ್ರ ವಾಪಸ್ಸಾಗಿದೆ, ಇನ್ನು ಒಬ್ಬರ ಮೇಲೊಬ್ಬರಿಗೆ ಹಕ್ಕಿಲ್ಲ. ಕೆಳಗೆ ಸಾಕ್ಷಿಗಳ ರುಜು, ನೋಟರಿಯ ಮೊಹರು. ಅಲ್ಲಿಗೆ ಸಂಬಂಧ ಕಡಿಯಿತೆಂದು ಎರಡೂ ಮನೆಯವರು ನಂಬುತ್ತಾರೆ. ಆ ಕಾಗದದ ಒಕ್ಕಣೆಯೇ ಹೆಣ್ಣಿನ ಜೀವನಾಂಶಕ್ಕೆ ಕುತ್ತಾಗಬಲ್ಲದು ಎಂಬುದು ಈ ಲೇಖನದ ವಾದ.

ನಂಬಿಕೆಗೆ ಹಿನ್ನೆಲೆಯಿದೆ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರು ಹಳೆಯ ಮೈಸೂರಿನ ಜಾತಿಗಳ ಬಗ್ಗೆ ಬರೆದ ಸಂಪುಟಗಳಲ್ಲಿ ಕೂಡಿಕೆ (ಮರುಮದುವೆ), ಬಿಡುಗಡೆಗಳ ವಿವರ ಸಿಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ಆ ರೂಢಿ ಬಹುಕಾಲದಿಂದ ಬಿಡದೆ ಒಂದೇ ರೀತಿ ನಡೆದುಬಂದಿರಬೇಕು. ಯಮನಾಜಿ ಜಾಧವ್ ಪ್ರಕರಣದಲ್ಲಿ (2002) ಸುಪ್ರೀಂ ಕೋರ್ಟ್, ರೂಢಿಯನ್ನು ಹೇಳಿಕೊಂಡವರೇ ಅದನ್ನು ನಿರ್ದಿಷ್ಟವಾಗಿ ನಮೂದಿಸಿ ರುಜುವಾತುಪಡಿಸಬೇಕೆಂದಿತು. ರುಜುವಾತಾಗದಿದ್ದರೆ ಮದುವೆ ಹಾಗೇ ಉಳಿಯುತ್ತದೆ. ಕಾಗದ ನಂಬಿ ಮಾಡಿಕೊಂಡ ಎರಡನೇ ಮದುವೆ ಅಸಿಂಧುವಾಗುತ್ತದೆ.

ಇಲ್ಲೇ ಜೀವನಾಂಶದ ತೊಡಕು. ಜೀವನಾಂಶ ಕೊಡಿಸುವ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಅದರ 4ನೇ ಉಪಕಲಂ ಜೀವನಾಂಶ ನಿರಾಕರಿಸುತ್ತದೆ. ಪಂಚಾಯ್ತಿ ಕಾಗದದ ಮೊದಲ ಸಾಲು ಹೇಳುವುದೂ ಅದನ್ನೇ! ಅದೇ ಹೆಣ್ಣು ಕೋರ್ಟಿನಲ್ಲಿ ಒಪ್ಪಿಗೆಯ ವಿಚ್ಛೇದನ ಪಡೆದಿದ್ದರೆ ಈ ತಡೆ ಅವಳಿಗಿಲ್ಲ. ಕರ್ನಾಟಕದಿಂದಲೇ ಹೋದ ವನಮಾಲಾ ವಿರುದ್ಧ ರಂಗನಾಥ ಭಟ್ಟ ಪ್ರಕರಣದಲ್ಲಿ (1995) ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ಡಿಕ್ರಿ ಪಡೆದವಳಿಗೆ ದಾರಿ ತೆರೆದಿದೆ. ಊರವರ ಮಾತು ಕೇಳಿ ರುಜು ಹಾಕಿದವಳು ಹೋರಾಡಬೇಕು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಆದ್ದರಿಂದ ವಕೀಲರ ಬಳಿ ಹೋಗುವಾಗ ಲಗ್ನಪತ್ರಿಕೆ, ಫೋಟೊಗಳ ಜೊತೆ ಈ ಕಾಗದವನ್ನೂ ಒಯ್ಯಬೇಕು. ನಾಚಿಕೆಯಿಂದ ಬಚ್ಚಿಟ್ಟರೆ ಅದು ಎದುರಾಳಿಯ ಕೈಯಿಂದ ಹೊರಬರುತ್ತದೆ. ಕಕ್ಷಿದಾರರು ಹೇಳಿದ್ದನ್ನು ಗುಟ್ಟಾಗಿಡುವುದು ವಕೀಲರ ಕಾನೂನುಬದ್ಧ ಹೊಣೆ.

ಆದಾಯದ ಲೆಕ್ಕ ಇನ್ನೊಂದು ಕಗ್ಗಂಟು. ರಜನೇಶ್ ವಿರುದ್ಧ ನೇಹಾ ತೀರ್ಪಿನ (2020) ನಂತರ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು. ಸಂಬಳದಾರರದ್ದು ಸುಲಭ. ರೇಷ್ಮೆ ಸಾಕುವ ಮನೆಯಲ್ಲಿ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ಹೆಂಗಸರದೇ ಹೆಚ್ಚು ಪಾಲು. ಪಹಣಿ ಮಾವನ ಹೆಸರಲ್ಲಿ, ರಾಮನಗರದ ಗೂಡಿನ ಮಾರುಕಟ್ಟೆಯ ಹಣ ಗಂಡನ ಖಾತೆಗೆ. "ನನಗೇನೂ ಆದಾಯವಿಲ್ಲ" ಎನ್ನುವ ಗಂಡನಿಗೆ ಉತ್ತರ ಹೇಳಲು ಮಾರುಕಟ್ಟೆಯ ಚೀಟಿ, ಬ್ಯಾಂಕಿನ ವಿವರ, ಪಹಣಿ ಬೇಕು. ಇವನ್ನು ಕೇಳಿ ಕಲೆಹಾಕದ ವಕೀಲರು ಅರ್ಧ ಕೆಲಸ ಮಾಡಿದಂತೆ.

ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ: ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದೆಂದು 2017ರ ಅಮರದೀಪ್ ಸಿಂಗ್ ತೀರ್ಪು ಹೇಳಿದೆ. ಡಿಕ್ರಿಗೆ ಮುಂಚೆ ಯಾರೊಬ್ಬರೂ ಒಪ್ಪಿಗೆ ಹಿಂಪಡೆಯಬಹುದಾದ್ದರಿಂದ ಹಣವನ್ನು ಹಂತಹಂತವಾಗಿ ಕೊಡುವಂತೆ ಬರೆಸುವುದು ಜಾಣತನ. ಗಂಡ ಒಪ್ಪದಿದ್ದರೆ ಕ್ರೌರ್ಯ, ಪರಿತ್ಯಾಗದಂಥ ಕಾರಣ ಸಾಬೀತಾಗಬೇಕು. ತವರಿನಲ್ಲಿರುವ ಹೆಂಡತಿ ಅಲ್ಲಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ಬಂದ ಜೀವನಾಂಶದಲ್ಲಿ ಇಂತಿಷ್ಟು ಪಾಲು ಎಂದು ಫೀಸು ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಫೀಸು ಬಾಕಿಯೆಂದು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು, 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಛಾಪಾ ಕಾಗದಕ್ಕೆ ರುಜು ಹಾಕುವ ಮುಂಚೆಯೂ ಅಲ್ಲಿ ಸಲಹೆ ಸಿಗುತ್ತದೆ.