ಮೃತಸಂಜೀವಿನಿಯ ಬೆಲೆ: ಒಂದು ಆಟದ ಐವತ್ತು ವರ್ಷ

ಕಳೆದ ಬೇಸಗೆಯಲ್ಲಿ ಪುಣೆಯ ಸದಸ್ಯರೊಬ್ಬರ ಮನೆಯಲ್ಲಿ ನಮ್ಮ ಬಳಗದ ತಿಂಗಳ ಸಭೆ ನಡೆದಿತ್ತು. ಪಕ್ಕದ ಕೋಣೆಯಲ್ಲಿ ಕಾಲೇಜು ಹುಡುಗರು ದಾಳ ಉರುಳಿಸುತ್ತ ಗದ್ದಲ ಮಾಡುತ್ತಿದ್ದರು. ಇದ್ದಕ್ಕಿದ್ದಂತೆ ಗದ್ದಲ ನಿಂತಿತು. ಆ ಮನೆಯ ಮಗ ಹೊರಗೆ ಬಂದು ಯಾರೊಡನೆಯೂ ಮಾತಾಡದೆ ಬಾಲ್ಕನಿಯಲ್ಲಿ ನಿಂತ. ಎರಡು ವರ್ಷಗಳಿಂದ ಅವನು ಆಡುತ್ತ ಬಂದಿದ್ದ ಪಾತ್ರ ಆಗಷ್ಟೇ ಸತ್ತಿತ್ತು. ನಾವು ನಕ್ಕೆವು, ಆಟವಲ್ಲವೆ, ಮತ್ತೆ ಬದುಕಿಸಿಕೊಂಡರಾಯಿತು ಎಂದೆವು. "ಬದುಕಿಸಬಹುದು ಅಂಕಲ್, ಆದರೆ ಬದುಕಿಸಬೇಕೋ ಬೇಡವೋ ಗೊತ್ತಾಗ್ತಿಲ್ಲ" ಎಂದ. ನಮ್ಮ ನಗು ಅಲ್ಲಿಗೇ ನಿಂತಿತು. ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ ಎಂಬುದು ನಮಗೆ ಅನಂತರ ತಿಳಿಯಿತು.

ಅವರು ಆಡುತ್ತಿದ್ದುದು 'ಡಂಜನ್ಸ್ ಅಂಡ್ ಡ್ರಾಗನ್ಸ್'. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬನು ಸೂತ್ರಧಾರನಾಗಿ ಲೋಕವನ್ನೂ ಶತ್ರುಗಳನ್ನೂ ಕಟ್ಟಿಕೊಡುತ್ತಾನೆ. ಕೃತ್ಯಗಳ ಫಲವನ್ನು ದಾಳ ನಿರ್ಣಯಿಸುತ್ತದೆ. ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ ಈ ಆಟ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ, ಮೂರು ಕಿರುಪುಸ್ತಕಗಳ ಪೆಟ್ಟಿಗೆಯಾಗಿ ಹೊರಬಂದಿತು. ಮೊದಲ ಮುದ್ರಣ ಸಾವಿರ ಪ್ರತಿ.

ಇದರ ಮೂಲ ಸೈನಿಕ ಗೊಂಬೆಗಳ ಯುದ್ಧದಾಟ. ಅಲ್ಲಿ ಒಂದು ಏಟಿಗೆ ಒಬ್ಬ ಸಿಪಾಯಿ ಸಾಯುತ್ತಾನೆ. ಗೊಂಬೆಯನ್ನು ಎತ್ತಿ ಬದಿಗಿಟ್ಟರೆ ಮುಗಿಯಿತು. ಆದರೆ ಆರ್ನೆಸನ್ ಮಿನಿಯಾಪೊಲಿಸ್ ಸೀಮೆಯಲ್ಲಿ ತಮ್ಮ 'ಬ್ಲ್ಯಾಕ್‌ಮೂರ್' ಲೋಕವನ್ನು ಆಡಿಸತೊಡಗಿದಾಗ ಪ್ರತಿಯೊಬ್ಬನ ಕೈಯಲ್ಲಿದ್ದುದು ಸೈನ್ಯವಲ್ಲ, ಹೆಸರುಳ್ಳ ಒಬ್ಬನೇ ವ್ಯಕ್ತಿ. ರಾಕ್ಷಸನನ್ನು ಒಂದೇ ಏಟಿಗೆ ಕೊಲ್ಲುವುದಕ್ಕೆ ಆಟಗಾರರ ಅಭ್ಯಂತರವಿರಲಿಲ್ಲ. ತಾವು ಒಂದೇ ಏಟಿಗೆ ಸಾಯುವುದು ಮಾತ್ರ ಅವರಿಗೆ ಒಪ್ಪಿಗೆಯಾಗಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಹಡಗುಗಳ ಆಟಕ್ಕೆಂದು ತಾವೇ ಹಿಂದೆ ಮಾಡಿಕೊಂಡಿದ್ದ ಲೆಕ್ಕವನ್ನು ಆರ್ನೆಸನ್ ಆಗ ಮನುಷ್ಯನ ದೇಹಕ್ಕೆ ಅಳವಡಿಸಿದರು. ಹಡಗು ಮುಳುಗುವ ಮೊದಲು ಇಷ್ಟು ಗುಂಡುಗಳನ್ನು ತಾಳಿಕೊಳ್ಳುವಂತೆ ವೀರನೂ ಇಷ್ಟು ಪೆಟ್ಟುಗಳನ್ನು ತಾಳಿಕೊಳ್ಳುತ್ತಾನೆ. ಇಂದು ಕಂಪ್ಯೂಟರ್ ಆಟಗಳಲ್ಲೆಲ್ಲ ಕಾಣುವ 'ಹಿಟ್ ಪಾಯಿಂಟ್' ಹೀಗೆ ಬೆಳೆದು ಬಂದದ್ದು. ಪ್ರೀತಿಸಿದ್ದನ್ನು ಕಳೆದುಕೊಳ್ಳಲೊಲ್ಲದ ಮನಸ್ಸು ಈ ಲೆಕ್ಕದ ಹಿಂದಿದೆ.

ಸಾವನ್ನು ಮುಂದೂಡಿದ ಮೇಲೆ ಅದನ್ನು ಹಿಂದಿರುಗಿಸುವ ದಾರಿಯೂ ಬೇಕಾಯಿತು. 1974ರ ಪುಸ್ತಕದಲ್ಲಿ 'ಕ್ಲೆರಿಕ್' ಎಂಬ ಪಾದ್ರಿಯ ಪಾತ್ರಕ್ಕೆ ಸತ್ತವರನ್ನು ಎಬ್ಬಿಸುವ ಮಂತ್ರ ದೊರೆಯಿತು. ಎಂಟನೆಯ ಮಟ್ಟದ ಪಾದ್ರಿಯು ನಾಲ್ಕು ದಿನಗಳೊಳಗೆ ಸತ್ತವನನ್ನು ಎಬ್ಬಿಸಬಲ್ಲ. ಮುಂದಿನ ಪ್ರತಿ ಮಟ್ಟಕ್ಕೂ ಮತ್ತೆ ನಾಲ್ಕು ದಿನ ಸೇರುತ್ತದೆ. ಎದ್ದವನು ಆಟದ ಲೆಕ್ಕದಲ್ಲಿ ಎರಡು ವಾರ ವಿಶ್ರಾಂತಿಯಲ್ಲಿರಬೇಕು. ಮಾಂತ್ರಿಕನಿಗೆ ದೊರೆತದ್ದು ಪುನರ್ಜನ್ಮದ ಮಂತ್ರ. ಅದರಿಂದ ಬದುಕಿದವನು ಯಾವ ರೂಪದಲ್ಲಿ ಬರುವನೆಂಬುದು ಅವನ ಹಿಂದಿನ ನಡತೆಯ ಪಕ್ಷಕ್ಕೂ ದಾಳಕ್ಕೂ ಬಿಟ್ಟದ್ದು. ಕರ್ಮಸಿದ್ಧಾಂತವನ್ನು ಕೇಳುತ್ತ ಬೆಳೆದ ನಮಗೆ ಇದನ್ನೋದಿ ಸಣ್ಣಗೆ ನಗು ಬಂತು.

ಸುಲಭವಾಗಿ ದೊರೆತ ಸಂಜೀವಿನಿ ಸಾವನ್ನೇ ಹಗುರಾಗಿಸುತ್ತದೆ. ಕಚನ ಕಥೆಯಲ್ಲಿಯೂ ಮೂರನೆಯ ಸಲ ಬದುಕಿಸಲು ಶುಕ್ರಾಚಾರ್ಯರು ತಮ್ಮ ಪ್ರಾಣವನ್ನೇ ಒಡ್ಡಬೇಕಾಯಿತು. ಈ ಆಟವೂ ಬೆಲೆ ಕಟ್ಟುವುದನ್ನು ಕಲಿಯಿತು. 1978ರ ನಿಯಮಗ್ರಂಥದ ಪ್ರಕಾರ, ಎದ್ದುಬಂದ ಪ್ರತಿ ಸಲವೂ ಪಾತ್ರದ ದೇಹದಾರ್ಢ್ಯ ಒಂದಂಕ ಕುಗ್ಗುತ್ತದೆ. ಆರಂಭದಲ್ಲಿ ಅದು ಎಷ್ಟಿತ್ತೋ ಅಷ್ಟು ಸಲಕ್ಕಿಂತ ಹೆಚ್ಚು ಯಾರೂ ಮರಳಿ ಬರುವಂತಿಲ್ಲ. ಅದೇ ವರ್ಷ ಪ್ರಕಟವಾದ ಗೈಗಾಕ್ಸರ 'ಟೂಂಬ್ ಆಫ್ ಹಾರರ್ಸ್' ಇನ್ನೂ ಕಠೋರ. 1975ರ ಒಂದು ಆಟಗಾರರ ಸಮ್ಮೇಳನದಲ್ಲಿ ಮೊದಲು ಆಡಿಸಿದ ಈ ಗೋರಿಯೊಳಗೆ ಗೋಡೆಯ ಮೇಲೊಂದು ಹಸಿರು ಭೂತಮುಖವಿದೆ. ತೆರೆದ ಬಾಯಿಯೊಳಗೆ ಕತ್ತಲೆ. ಅದರೊಳಗೆ ನುಗ್ಗಿದವನು ಇಲ್ಲವಾಗುತ್ತಾನೆ. ಎಬ್ಬಿಸಲು ಶವವೇ ಉಳಿಯುವುದಿಲ್ಲ.

ಬೇರೆ ಆಟಗಳು ಬೇರೆ ದಾರಿ ಹಿಡಿದವು. 1977ರ 'ಟ್ರಾವೆಲರ್' ಎಂಬ ಬಾಹ್ಯಾಕಾಶದ ಆಟದಲ್ಲಿ ಪಾತ್ರದ ಪೂರ್ವಚರಿತ್ರೆಯನ್ನು ದಾಳದಿಂದ ರೂಪಿಸುವಾಗಲೇ, ಅಂದರೆ ಆಟ ಆರಂಭವಾಗುವ ಮೊದಲೇ, ಪಾತ್ರ ಸಾಯಬಹುದಿತ್ತು. 1981ರ 'ಕಾಲ್ ಆಫ್ ಕ್ತುಲು' ಆಟದಲ್ಲಿ ಪಾದ್ರಿಯ ಅಭಯವಿಲ್ಲ. ದೇಹಕ್ಕೆ ಮುಂಚೆ ಬುದ್ಧಿಯೇ ಕುಸಿಯುವುದುಂಟು.

ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು 2000ದಲ್ಲಿ ಬಂದ ಮೂರನೆಯ ಆವೃತ್ತಿಯ ಒಂದು ಷರತ್ತು. ಮಂತ್ರ ಫಲಿಸಬೇಕಾದರೆ ಸತ್ತವನ ಆತ್ಮಕ್ಕೆ ಮರಳುವ ಇಚ್ಛೆಯಿರಬೇಕು. ಪಾದ್ರಿಯ ಶಕ್ತಿ, ದೇಹದ ಬಲ, ಹಣದ ಚೀಲ ಇವೆಲ್ಲ ಇದ್ದರೂ ಸತ್ತವನು ಒಲ್ಲೆನೆಂದರೆ ಕೆಲಸ ಕೆಡುತ್ತದೆ. ಪಾತ್ರದ ಪರವಾಗಿ ಉತ್ತರಿಸುವವನು ಅದನ್ನು ಆಡಿದವನೇ. ಈ ಸಾವಿನಿಂದ ಕಥೆ ಪೂರ್ಣವಾಯಿತೆ, ಅರ್ಧಕ್ಕೆ ಹರಿಯಿತೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು. 2014ರ ಐದನೆಯ ಆವೃತ್ತಿಯೂ ಈ ಷರತ್ತನ್ನು ಉಳಿಸಿಕೊಂಡಿತು. ಅದರಲ್ಲಿ ಸಾವು ನಿಧಾನವಾಗಿ ಬರುತ್ತದೆ. ಕುಸಿದುಬಿದ್ದವನು ಇಪ್ಪತ್ತು ಮುಖದ ದಾಳವನ್ನು ಸರದಿ ಸರದಿಗೂ ಉರುಳಿಸುತ್ತಾನೆ: ಮೂರು ಸಲ ಗೆದ್ದರೆ ಪ್ರಾಣ ನಿಲ್ಲುತ್ತದೆ, ಮೂರು ಸಲ ಸೋತರೆ ಹೋಗುತ್ತದೆ. ಆ ನಡುವಿನ ಹೊತ್ತು ಗೆಳೆಯರು ಓಡಿಬಂದು ಉಳಿಸಲಿಕ್ಕಿರುವ ಅವಕಾಶ.

2015ರಿಂದ ಪ್ರಸಾರವಾಗುತ್ತಿರುವ 'ಕ್ರಿಟಿಕಲ್ ರೋಲ್' ಕಾರ್ಯಕ್ರಮಕ್ಕೆ ಸೂತ್ರಧಾರರಾಗಿದ್ದ ಮ್ಯಾಥ್ಯೂ ಮರ್ಸರ್ ಇನ್ನೊಂದು ಹೆಜ್ಜೆ ಇಟ್ಟರು. ಅವರ ಪದ್ಧತಿಯಲ್ಲಿ ಮಂತ್ರವೊಂದೇ ಸಾಲದು. ಸಂಗಾತಿಗಳು ಮುಂದೆ ಬಂದು ಸತ್ತವನನ್ನು ಕರೆಯಬೇಕು, ಏನನ್ನಾದರೂ ಅರ್ಪಿಸಬೇಕು. ಪ್ರತಿ ಸಾವಿನೊಂದಿಗೆ ಮರಳುವ ದಾರಿ ಕಠಿಣವಾಗುತ್ತದೆ. 2018ರಲ್ಲಿ ಅದೇ ಮೇಜಿನಲ್ಲಿ ಜನ ಮೆಚ್ಚಿದ್ದ ಪಾತ್ರವೊಂದು ಸತ್ತಾಗ ಸಂಗಾತಿಗಳು ಅದನ್ನು ಮಣ್ಣುಮಾಡಿದರು; ಆಟಗಾರ ಹೊಸ ಪಾತ್ರ ಹಿಡಿದು ಬಂದ.

ಹೀಗೆ ಐವತ್ತು ವರ್ಷಗಳಲ್ಲಿ ನಿಯಮಗಳ ದೃಷ್ಟಿ ಪಾದ್ರಿಯ ಶಕ್ತಿಯಿಂದ ಸತ್ತವನ ಇಚ್ಛೆಯತ್ತ, ಉಳಿದವರ ಕರೆಯತ್ತ ಹೊರಳಿದೆ. ಹಿಂದಿರುಗಲು ಬೆಲೆಯಿಲ್ಲದಿದ್ದರೆ ಸಾವಿಗೆ ಅರ್ಥವಿಲ್ಲ. ಹಿಂದಿರುಗಲು ದಾರಿಯೇ ಇಲ್ಲದಿದ್ದರೆ, ಕೆಟ್ಟ ದಾಳವೊಂದು ವರ್ಷಗಳ ಸ್ನೇಹದ ಕಥೆಯನ್ನು ಕತ್ತರಿಸಿಬಿಡುತ್ತದೆ. ಇವೆರಡರ ನಡುವಿನ ಗೆರೆಯನ್ನು ಯಾವ ಗ್ರಂಥವೂ ಪೂರ್ತಿ ಎಳೆದುಕೊಟ್ಟಿಲ್ಲ. ಅದನ್ನು ಮೇಜಿನ ಸುತ್ತ ಕುಳಿತವರು ಮೊದಲೇ ಮಾತಾಡಿಕೊಳ್ಳಬೇಕು. ಅಂದು ನಾವು ನಕ್ಕದ್ದು ತಪ್ಪೆಂದು ಈಗ ಒಪ್ಪುತ್ತೇವೆ. ಕಾದಂಬರಿಯ ಪಾತ್ರ ಸತ್ತಾಗ ಕಣ್ಣೊರೆಸಿಕೊಳ್ಳುವ ನಮಗೆ, ತಾನೇ ಕಟ್ಟಿ ನಡೆಸಿದ ಪಾತ್ರಕ್ಕಾಗಿ ಮರುಗಿದವನನ್ನು ಹಾಸ್ಯ ಮಾಡುವ ಅಧಿಕಾರವೆಲ್ಲಿದೆ?

ಗೈಗಾಕ್ಸ್ 2008ರಲ್ಲಿಯೂ ಆರ್ನೆಸನ್ 2009ರಲ್ಲಿಯೂ ತೀರಿಕೊಂಡರು. ಪುಣೆಯ ಆ ಹುಡುಗ ಕೊನೆಗೆ ತನ್ನ ಪಾತ್ರವನ್ನು ಬದುಕಿಸಲಿಲ್ಲ. ಮುಂದಿನ ಭಾನುವಾರ ಗೆಳೆಯರೆಲ್ಲ ಕೂಡಿ ಅದಕ್ಕೆ ಆಟದೊಳಗೇ ಒಂದು ಅಂತ್ಯಸಂಸ್ಕಾರ ಮಾಡಿದರಂತೆ. ಆಮೇಲೆ ಅವನು ಹೊಸ ಹಾಳೆ ತೆಗೆದುಕೊಂಡು ಇನ್ನೊಂದು ಹೆಸರು ಬರೆದ. ಹಳೆಯ ಹಾಳೆಯನ್ನು ಎಸೆದಿಲ್ಲ.