ಸಿಬಿಡಿ ಸಾರ: ಅಂಟಿನಿಂದ ಹರಳಿನವರೆಗೆ

ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಕಲಿಸುತ್ತಿದ್ದ ಐರಿಷ್ ವೈದ್ಯ ವಿಲಿಯಂ ಓಶಾನೆಸಿ 1839ರ ಸುಮಾರಿಗೆ ಗಾಂಜಾ ಗಿಡದ ಅಂಟನ್ನು ಮದ್ಯಸಾರದಲ್ಲಿ ಕರಗಿಸಿ ರೋಗಿಗಳಿಗೆ ಕೊಟ್ಟು ನೋಡಿದ. ಪದೇ ಪದೇ ಸೆಳವು ಬರುತ್ತಿದ್ದ ಹಸುಗೂಸೊಂದೂ ಅವರಲ್ಲಿತ್ತು. ಗಿಡದ ಎಲ್ಲ ಅಂಶಗಳೂ ಇದ್ದ ಆ ದ್ರಾವಣ ಈಗಿನ ಅಂಗಡಿ ಭಾಷೆಯಲ್ಲಿ ‘ಫುಲ್ ಸ್ಪೆಕ್ಟ್ರಮ್’. ಒಂದು ಸೀಸೆಯ ಬಲ ಇನ್ನೊಂದಕ್ಕಿಲ್ಲ ಎಂಬುದೇ ಅಂಥ ಔಷಧಿಗಳ ಕಾಟವಾಗಿತ್ತು.

ಒಳಗೇನಿದೆ ಎಂಬುದು ತಿಳಿಯಲು ನೂರು ವರ್ಷ ಹಿಡಿಯಿತು. 1940ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್, ಮಿನ್ನೆಸೋಟದ ಕಾಡು ಹೆಂಪ್ (ಗಾಂಜಾದ್ದೇ ಜಾತಿಯ) ಗಿಡದಿಂದ ಕ್ಯಾನಬಿಡಯಾಲ್ (ಸಿಬಿಡಿ) ಬೇರ್ಪಡಿಸಿದರು. ಅದರ ರಚನೆಯನ್ನು 1963ರಲ್ಲಿ ಇಸ್ರೇಲಿನ ರಾಫೆಲ್ ಮೆಕೋಲಮ್ ತಂಡ ಬಿಡಿಸಿತು. ಮರುವರ್ಷ ಅದೇ ಪ್ರಯೋಗಾಲಯದಲ್ಲಿ ಅಮಲು ತರಿಸುವ ಟಿಎಚ್‌ಸಿ ಸಿಕ್ಕಿತು. ಮುಂದಿನ ಕಥೆಯೆಲ್ಲ ಈ ಎರಡನ್ನು ಬೇರೆ ಮಾಡುವ ಪ್ರಯತ್ನ.

ಇಂದು ಮಾರುಕಟ್ಟೆಯಲ್ಲಿ ಮೂರು ಬಗೆ. ಎಥನಾಲ್‌ನಿಂದಲೋ ಒತ್ತಡದ ಇಂಗಾಲದ ಡೈಆಕ್ಸೈಡ್‌ನಿಂದಲೋ ಹೂವಿನ ಸಾರ ತೆಗೆದು, ಅದನ್ನು ತಣ್ಣಗಾಗಿಸಿ ಮೇಣವನ್ನು ಸೋಸಿ, ಕಾಯಿಸಿದರೆ ಗಿಡದಲ್ಲಿ ಆಮ್ಲರೂಪದಲ್ಲಿರುವುದು ಸಿಬಿಡಿಯಾಗುತ್ತದೆ. ಟಿಎಚ್‌ಸಿಯ ಸುಳಿವೂ ಸೇರಿ ಎಲ್ಲವೂ ಉಳಿದರೆ ಫುಲ್ ಸ್ಪೆಕ್ಟ್ರಮ್, ಕ್ರೊಮ್ಯಾಟೋಗ್ರಫಿಯಿಂದ ಟಿಎಚ್‌ಸಿಯನ್ನು ಮಾತ್ರ ತೆಗೆದರೆ ಬ್ರಾಡ್ ಸ್ಪೆಕ್ಟ್ರಮ್, ಶೇ. 99ರಷ್ಟು ಸಿಬಿಡಿ ಇರುವ ಬಿಳಿ ಹರಳು ಐಸೊಲೇಟ್.

ಈ ವಿಂಗಡಣೆಗೆ ಔಷಧಶಾಸ್ತ್ರಕ್ಕಿಂತ ಕಾನೂನೇ ಹೆಚ್ಚು ಕಾರಣ ಎಂದು ನನಗನಿಸುತ್ತದೆ. 2018ರ ಡಿಸೆಂಬರಿನಲ್ಲಿ ಅಮೆರಿಕದ ಕೃಷಿ ಕಾಯ್ದೆ ಒಣತೂಕದಲ್ಲಿ ಟಿಎಚ್‌ಸಿ ಶೇ. 0.3 ಮೀರದ ಗಿಡವನ್ನು ಹೆಂಪ್ ಎಂದು ಕರೆದು ಮಾದಕವಸ್ತುಗಳ ಪಟ್ಟಿಯಿಂದ ಬಿಟ್ಟಿತು. ಆ ಗೆರೆಯನ್ನು ಎಳೆದದ್ದು 1976ರಲ್ಲಿ, ಗಿಡಗಳನ್ನು ವರ್ಗೀಕರಿಸುವ ಅನುಕೂಲಕ್ಕಾಗಿ, ಅರ್ನೆಸ್ಟ್ ಸ್ಮಾಲ್ ಮತ್ತು ಆರ್ಥರ್ ಕ್ರಾಂಕ್ವಿಸ್ಟ್ ಎಂಬ ಸಸ್ಯಶಾಸ್ತ್ರಜ್ಞರು. ಸೇವಿಸುವವರ ಲೆಕ್ಕವೇ ಅಲ್ಲಿರಲಿಲ್ಲ. 30 ಮಿ.ಲೀ. ಎಣ್ಣೆಯಲ್ಲಿ ಶೇ. 0.3 ಎಂದರೆ ಸುಮಾರು 80 ಮಿಲಿಗ್ರಾಂ ಟಿಎಚ್‌ಸಿ. ದಿನವೂ ತೆಗೆದುಕೊಳ್ಳುವ ನೌಕರ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಬ್ರಾಡ್ ಸ್ಪೆಕ್ಟ್ರಮ್ ಹುಟ್ಟಿದ್ದು ಇಂಥ ಅಂಜಿಕೆಯಿಂದಲೇ.

ಇಡೀ ಗಿಡವೇ ಮೇಲು ಎನ್ನುವವರು ‘ಎಂಟೂರೇಜ್ ಪರಿಣಾಮ’ವನ್ನು, ಅಂದರೆ ಸಂಯುಕ್ತಗಳು ಒಂದಕ್ಕೊಂದು ಒತ್ತಾಸೆಯಾಗುವುದನ್ನು ಮುಂದಿಡುತ್ತಾರೆ. 1998ರಲ್ಲಿ ಮೆಕೋಲಮ್ ಮತ್ತು ಸಂಗಡಿಗರು ಆ ಹೆಸರಿಟ್ಟದ್ದು ನಮ್ಮ ದೇಹವೇ ತಯಾರಿಸುವ ಕೊಬ್ಬಿನ ಅಣುಗಳನ್ನು ಕುರಿತು. ಗಿಡಕ್ಕೆ ಅಂಟಿದ್ದು ಆಮೇಲೆ. 2015ರಲ್ಲಿ ಜೆರುಸಲೇಮಿನ ಇಲಿ ಪ್ರಯೋಗವೊಂದರಲ್ಲಿ ಶುದ್ಧ ಸಿಬಿಡಿಯ ಪ್ರಮಾಣ ಹೆಚ್ಚಿದಂತೆ ಒಂದು ಹಂತದ ಮೇಲೆ ಅದರ ಗುಣ ಇಳಿಯಿತು, ಇಡೀ ಗಿಡದ ಸಾರದ್ದು ಇಳಿಯಲಿಲ್ಲ. ಕುತೂಹಲಕರವೇ, ಆದರೆ ಅದು ಇಲಿಗಳ ಮಾತು. ಮನುಷ್ಯರ ಮೇಲಿನ ಗಟ್ಟಿ ಪುರಾವೆ ನಿಂತಿರುವುದು ಹರಳಿನ ಕಡೆ: ಮಕ್ಕಳ ಎರಡು ಬಗೆಯ ತೀವ್ರ ಅಪಸ್ಮಾರಕ್ಕೆ 2018ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಪಿಡಿಯೊಲೆಕ್ಸ್, ಗಿಡದಿಂದಲೇ ತೆಗೆದ ಶುದ್ಧ ಸಿಬಿಡಿ. ಅದನ್ನು ಕೊಡುವಾಗಲೂ ಯಕೃತ್ತಿನ ಮೇಲೆ ಕಣ್ಣಿಡಬೇಕು, ವಾಲ್ಪ್ರೊಯೇಟ್ ಎಂಬ ಅಪಸ್ಮಾರದ ಮದ್ದು ಜೊತೆಗಿದ್ದರೆ ಇನ್ನೂ ಹೆಚ್ಚು.

ಅಂಗಡಿ ಸೀಸೆಗಳ ಸ್ಥಿತಿಯನ್ನು ‘ಜಾಮಾ’ ವೈದ್ಯಕೀಯ ಪತ್ರಿಕೆಯ 2017ರ ವರದಿ ಬಿಚ್ಚಿಟ್ಟಿತು. ಆನ್‌ಲೈನ್‌ನಲ್ಲಿ ಕೊಂಡ 84 ಉತ್ಪನ್ನಗಳಲ್ಲಿ ಲೇಬಲ್ ಸರಿಯಿದ್ದದ್ದು 26ರಲ್ಲಿ. 18ರಲ್ಲಿ ಟಿಎಚ್‌ಸಿ ಇತ್ತು. ಹಾಗಾಗಿ ಬಗೆಯ ಹೆಸರಿಗಿಂತ ಆ ಬ್ಯಾಚಿನ ಪ್ರಯೋಗಾಲಯ ವರದಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ನಮ್ಮಲ್ಲಿ ಗೊಂದಲ ಬೇರೆಯದು. 2021ರಲ್ಲಿ ಆಹಾರವೆಂದು ಒಪ್ಪಿಗೆ ಸಿಕ್ಕ ಹೆಂಪ್ ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಅದನ್ನೇ ಸಿಬಿಡಿ ಎಂದು ನಂಬಿ ಕೊಳ್ಳುವವರಿದ್ದಾರೆ. ಇನ್ನು ಕಾನೂನು: ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆ ಹೂತೆನೆಯನ್ನು ಗಾಂಜಾ ಎಂದು ನಿಷೇಧಿಸಿ, ತೆನೆ ಸೇರದ ಎಲೆಯನ್ನು ಹೊರಗಿಟ್ಟಿದೆ. ಭಂಗಿ ಈ ಕಾಯ್ದೆಯೊಳಗೆ ಬರುವುದಿಲ್ಲವೆಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದ್ದೂ ಇದೇ ಆಧಾರದ ಮೇಲೆ. ಆಯುರ್ವೇದ ಪರವಾನಗಿಯಲ್ಲಿ ‘ವಿಜಯಾ’ ಹೆಸರಿನಿಂದ ಬರುವ ಸಾರಗಳು ಈ ಎಲೆಯವು. ಅವುಗಳಿಗೆ ಶೇ. 0.3ರ ಗೆರೆಯಿಲ್ಲ, ‘ಫುಲ್ ಸ್ಪೆಕ್ಟ್ರಮ್’ ಎಂದು ಬರೆದ ಇಲ್ಲಿನ ಸೀಸೆಯಲ್ಲಿ ಟಿಎಚ್‌ಸಿ ಸಿಬಿಡಿಯನ್ನೂ ಮೀರಿರಬಹುದು.