ವಿವಾಹಕ್ಕೆ ದೇವಾಲಯವೇ ಏಕೆ?

ಇಂದಿನ ವಧೂವರರು ಮೊದಲು ವಿಚಾರಿಸುವುದು ಕಲ್ಯಾಣಮಂಟಪದ ತೇದಿಯನ್ನು. ಧರ್ಮಕೇಂದ್ರದ ಗುರುಗಳನ್ನು ಕಾಣುವುದು ಅನಂತರ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ತರುವಾಯ ನಮ್ಮ ಸುತ್ತಲೂ ವೈಭವದ ಮಂಟಪಗಳು, ರೆಸಾರ್ಟುಗಳು ತಲೆಯೆತ್ತಿವೆ. ಆದುದರಿಂದ ಚರಿತ್ರೆಯನ್ನು ಸ್ಮರಿಸುವುದು ಯುಕ್ತ.

ಪೂರ್ವಕಾಲದಲ್ಲಿ ಸತಿಪತಿಯರ ಪರಸ್ಪರ ಸಮ್ಮತಿಯೊಂದೇ ವಿವಾಹಕ್ಕೆ ಸಾಕಾಗಿತ್ತು. ಸಾಕ್ಷಿಗಳಿಲ್ಲದ ಗುಪ್ತ ವಿವಾಹವನ್ನು ಪತಿಯು ಮುಂದೆ ಅಲ್ಲಗಳೆದರೆ ಪತ್ನಿಗೂ ಮಕ್ಕಳಿಗೂ ದಿಕ್ಕಿಲ್ಲದಂತಾಗುತ್ತಿತ್ತು. ಇದನ್ನು ತಡೆಯಲು 1215ರಲ್ಲಿ ನಾಲ್ಕನೆಯ ಲಾತೆರಾನ್ ಮಹಾಸಭೆಯು ದೇವಾಲಯಗಳಲ್ಲಿ ವಿವಾಹ ಪ್ರಕಟಣೆಯನ್ನು ವಿಧಿಸಿತು. 1563ರಲ್ಲಿ ತ್ರೆಂತ್ ಮಹಾಸಭೆಯು ಧರ್ಮಕೇಂದ್ರದ ಗುರುಗಳ ಹಾಗೂ ಸಾಕ್ಷಿಗಳ ಸಮಕ್ಷಮವನ್ನು ಕಡ್ಡಾಯಗೊಳಿಸಿ, ವಿವಾಹಗಳ ದಾಖಲೆ ಪುಸ್ತಕವನ್ನಿಡಲು ಆಜ್ಞಾಪಿಸಿತು. ಅಬಲೆಯ ರಕ್ಷಣೆಯೇ ಈ ಕಟ್ಟಳೆಯ ತಿರುಳು.

1983ರ ಧರ್ಮಸಭೆಯ ಕಾನೂನು ಸಂಹಿತೆಯ 1118ನೆಯ ವಿಧಿಯಂತೆ ಕಥೋಲಿಕರ ವಿವಾಹವು ಧರ್ಮಕೇಂದ್ರದ ದೇವಾಲಯದಲ್ಲಿ ಜರುಗತಕ್ಕದ್ದು. ಅನ್ಯ ದೇವಾಲಯಕ್ಕೆ ಧರ್ಮಾಧ್ಯಕ್ಷರ ಅಥವಾ ಧರ್ಮಕೇಂದ್ರದ ಗುರುಗಳ ಅಪ್ಪಣೆ ಸಾಕು. ದೇವಾಲಯವಲ್ಲದ ಯೋಗ್ಯ ಸ್ಥಳಕ್ಕೆ ಧರ್ಮಾಧ್ಯಕ್ಷರ ಅಪ್ಪಣೆಯೇ ಬೇಕು.

ಮಂಟಪದಲ್ಲಿ ಔತಣವಾಗಲಿ, ಬೇಡವೆನ್ನುವವರಿಲ್ಲ. ಆದರೆ ಒಂದು ದಿನದ ಮಂಟಪಕ್ಕಾಗಿ ಹೊಲವನ್ನು ಒತ್ತೆಯಿಟ್ಟರೆ ನವದಂಪತಿಗಳ ಬಾಳು ಸಾಲದಿಂದಲೇ ಆರಂಭವಾಗುತ್ತದೆ. ಮಂಟಪದ ಹೂವು ಮರುದಿನ ಬಾಡುವುದು. ದೇವಾಲಯದ ಪುಸ್ತಕದಲ್ಲಿ ಬರೆದ ಹೆಸರುಗಳನ್ನು ಮೊಮ್ಮಕ್ಕಳೂ ಬಂದು ಓದುವರು.